ಎರವಲು ಹೆಗಲು

"ಅಪ್ಪಾರ, ನಮ್ಮ ಸೇವಾ ಇನ್ನೊಬ್ಬರ ಕೈಗೆ ಬಿಟ್ರ ವ್ರತ ಕೆಟ್ಟಂಗ ಅಲ್ಲೇನ್ರಿ?"

ಗುರುಗಳನ್ನು ಹೀಗೆ ಕೇಳಿದವನು ಮಠದ ಅಡುಗೆಯ ಮಡಿವಾಳಪ್ಪ. ಕುದಿಯುವ ಗಂಜಿ ಚೆಲ್ಲಿ ಅವನ ಬಲಗೈ ಸುಟ್ಟು ನಾಲ್ಕು ದಿನವಾಗಿತ್ತು. ಕೈಗೆ ವಿಶ್ರಾಂತಿ ಕೊಡದಿದ್ದರೆ ಬೆರಳುಗಳು ಮಡಚಿಕೊಂಡೇ ಉಳಿದಾವು ಎಂದು ವೈದ್ಯರು ಹೇಳಿದ್ದರು. ಆದರೂ ಬಟ್ಟೆ ಸುತ್ತಿಕೊಂಡು ಅದೇ ಕೈಯಲ್ಲಿ ಸಾರು ತಿರುವುತ್ತಿದ್ದ. ಹತ್ತೊಂಬತ್ತು ವರ್ಷ ಆ ಸೌಟನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಮುಟ್ಟಲು ಅವನು ಬಿಟ್ಟೂ ಇರಲಿಲ್ಲ.

ಗುರುಗಳು ಒಲೆಯ ಎದುರು ಮಣೆ ಎಳೆದುಕೊಂಡು ಕುಳಿತು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಭಜನೆಗಾರನಿದ್ದ. ಆ ಊರಿನ ಭಜನಾ ಸಪ್ತಾಹದಲ್ಲಿ ಏಳು ದಿನ ಹಗಲಿರುಳು ತಂಬೂರಿಯಂಥ ಪುಟ್ಟ ವೀಣೆ ನೆಲಕ್ಕೆ ಇಳಿಯಬಾರದು. ಒಬ್ಬ ಅದನ್ನು ಕೊರಳಿಗೆ ಹಾಕಿಕೊಂಡು ನಿಂತು ಹಾಡಬೇಕು, ಅವನ ಪಾಳಿ ಮುಗಿದೊಡನೆ ಮುಂದಿನವನ ಕೊರಳಿಗೆ ಹಾಕಬೇಕು. ಭಜನೆಗಾರನ ನಂತರದ ಪಾಳಿ ಒಬ್ಬ ಸಿಂಪಿಗನದು. ಸಿಂಪಿಗ ಅಂಗಿ ಹೊಲಿದರೆ ನೋಡುವಂತಿರುತ್ತಿತ್ತು. ಆದರೆ ಅವನಿಗೂ ಸುರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಅವನಿಗೆ ವೀಣೆ ಕೊಟ್ಟರೆ ಸಪ್ತಾಹವೇ ಕೆಟ್ಟೀತು ಎಂದು ಭಜನೆಗಾರ ತನ್ನ ಪಾಳಿ ಮುಗಿದರೂ ಬಿಡುತ್ತಿರಲಿಲ್ಲ. ಸಿಂಪಿಗ ಕೈಚಾಚಿ ನಿಂತು ನಿಂತು ಹೋಗಿ ಕೂರುತ್ತಿದ್ದ.

ಐದನೆಯ ದಿನ ಬೆಳಿಗ್ಗೆ ಭಜನೆಗಾರನ ಎದೆ ಹಿಂಡಿತು. ಮೈಯೆಲ್ಲ ಬೆವರಿತು. ಆಗಲೂ ಬಿಡಲಿಲ್ಲ. ಮಧ್ಯಾಹ್ನ ಬಿದ್ದ. ವೀಣೆಯನ್ನು ಸಿಂಪಿಗ ಹಿಡಿದುಕೊಂಡ, ಭಜನೆಗಾರನನ್ನು ನೆಲ ಹಿಡಿದುಕೊಂಡಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು. ಹೃದಯದ ಒಂದು ರಕ್ತನಾಳ ಮುಚ್ಚಿದೆ. ಪೆಟ್ಟು ತಿಂದ ಹೃದಯಕ್ಕೆ ರಕ್ತ ತಳ್ಳುವ ಶಕ್ತಿ ಸಾಲುತ್ತಿಲ್ಲ. ಹೀಗೆಯೇ ಹೆಣಗಾಡಿದರೆ ಚೆನ್ನಾಗಿರುವ ಭಾಗವೂ ಹಾಳಾಗುತ್ತದೆ. ತೊಡೆಯ ರಕ್ತನಾಳದಿಂದ ಪೆನ್ಸಿಲಿನಷ್ಟು ಸಣ್ಣ ಪಂಪು ಒಳಗೆ ಕಳಿಸುತ್ತೇವೆ, ಅದು ಕೆಲವು ದಿನ ಭಾರ ಹೊರುತ್ತದೆ. ಮುಚ್ಚಿದ ನಾಳವನ್ನು ನಾವು ತೆರೆಯುತ್ತೇವೆ. ಹೃದಯ ಸುಧಾರಿಸಿಕೊಂಡ ಮೇಲೆ ಪಂಪು ತೆಗೆಯುತ್ತೇವೆ ಎಂದರು.

ಭಜನೆಗಾರ ಬೇಡವೆಂದು ತಲೆಯಾಡಿಸಿದ. ತನ್ನ ಎದೆಯ ಕೆಲಸವನ್ನು ತನ್ನ ಎದೆಯೇ ಮಾಡಬೇಕು, ಯಂತ್ರ ಮಾಡಿದರೆ ಅದೇನು ಬದುಕು ಎಂದ. ಆಮೇಲೆ ಪಕ್ಕದಲ್ಲಿ ಅಳುತ್ತ ನಿಂತಿದ್ದ ಹೆಂಡತಿಯ ಕಡೆ ತಿರುಗಿದ.

"ವೀಣಾ ನೆಲಕ್ಕ ಬಿತ್ತೇನು?"

"ಇಲ್ರಿ. ಸಿಂಪಿಗರ ಕೊರಳಾಗ ಐತಿ. ನಿಮ್ಮ ಪಾಳಿನೂ ಅವರ ಹಾಡಾಕತ್ತಾರ."

ಭಜನೆಗಾರ ಡಾಕ್ಟರಮ್ಮನ ಕಡೆ ತಿರುಗಿದ. ಪಂಪು ಹಾಕಿರೆಂದು ತಾನೇ ಹೇಳಿದ.

ನಾಲ್ಕು ದಿನ ಪಂಪು ಭಾರ ಹೊತ್ತಿತು. ಐದನೆಯ ದಿನ ಹೃದಯ ತನ್ನ ಪಾಳಿಗೆ ಬಂತು. ಬಿದ್ದ ದಿನವೇ ಸತ್ತ ಭಾಗ ಮರಳಲಿಲ್ಲ, ಆದರೆ ಉಳಿದದ್ದು ಉಳಿಯಿತು. ಹಾಡಲು ಅಷ್ಟು ಸಾಕಾಯಿತು.

ಮರುವರ್ಷದ ಸಪ್ತಾಹದಲ್ಲಿ ಭಜನೆಗಾರ ತನ್ನ ಪಾಳಿ ಹಾಡಿದ. ಮುಗಿದೊಡನೆ ಸಿಂಪಿಗನ ಬಳಿಗೆ ತಾನೇ ನಡೆದುಹೋಗಿ, ವೀಣೆಯನ್ನು ಅವನ ಕೊರಳಿಗೆ ಹಾಕಿ, ಕಾಲು ಮುಟ್ಟಿದ.

"ನನ್ನ ಹೊತ್ತ ಹೆಗಲು ಎರಡು. ಒಂದಕ್ಕ ಜೀವ ಇಲ್ಲ, ಇನ್ನೊಂದಕ್ಕ ಸುರ ಇಲ್ಲ. ಎರಡಕ್ಕೂ ಶರಣು" ಎಂದ.

ಸಿಂಪಿಗ ಆ ದಿನ ಸಂತೋಷಕ್ಕೆ ಎಂದಿಗಿಂತ ಕೆಟ್ಟದಾಗಿ ಹಾಡಿದ. ಭಜನೆಗಾರ ಎದುರಿಗೆ ಕುಳಿತು ತಾಳ ಹಾಕಿದ. ಕೃತಜ್ಞತೆಯಿಂದ ಅವನ ಕಣ್ಣು ತುಂಬಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಪ್ಪ ಸಾರು ತಿರುವುತ್ತಲೇ ಇದ್ದ. ಬಟ್ಟೆಯ ಮೇಲೆ ರಕ್ತ ಒಸರಿತ್ತು. ಆ ಭಜನೆಗಾರನಿಗಾದರೆ ಒಬ್ಬ ಸಿಂಪಿಗನಿದ್ದ, ಈ ಮಠದಲ್ಲಿ ಸಾರು ಮಾಡಲು ಇನ್ನಾರಿಗೆ ಬರುತ್ತದೆ ಎಂದು ಗೊಣಗಿದ.

ಗುರುಗಳು ಎದ್ದು ಕೈಚಾಚಿದರು.

"ಸೌಟು ಇತ್ತ ತಾ ಮಡಿವಾಳಪ್ಪಾ, ನನಗೂ ಬರೂದಿಲ್ಲ."