ಕಿವಿಯೊಳಗಿನ ಚರ್ಚು

“ಗುರುಗಳೇ, ಧ್ಯಾನಕ್ಕೆ ಕೂತರೆ ನನ್ನೊಳಗೆಲ್ಲ ಆನಂದ ತುಂಬುತ್ತದೆ. ಮನೆಯಲ್ಲಿ ಹೆಂಡತಿ ಮಾತ್ರ ತವರಿಗೆ ಹೊರಟು ನಿಂತಿದ್ದಾಳೆ. ನನ್ನ ಸಾಧನೆ ಅವಳಿಗೇಕೆ ಅರ್ಥವಾಗದು?”

ಹೀಗೆ ಕೇಳಿದ ಮೃತ್ಯುಂಜಯ ಇನ್ನೂ ನಿಂತೇ ಇದ್ದ. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡುವವಳು. ಅಷ್ಟರೊಳಗೆ ಅವಳ ಬಾಯಿ ಮುಚ್ಚಿಸುವಂಥ ಒಂದು ಮಾತು ಗುರುಗಳಿಂದ ಸಿಕ್ಕರೆ ಸಾಕೆಂದು ಅವನ ಜೀವ ಚಡಪಡಿಸುತ್ತಿತ್ತು.

“ಕೂತುಕೊಳ್ಳಯ್ಯ. ಕೆಂಡ ತುಳಿದವರ ಹಾಗೆ ಕುಣಿಯುವವರಿಗೆ ನಾನು ಕತೆ ಹೇಳುವುದಿಲ್ಲ,” ಎಂದರು ಗುರುಗಳು. ಅವನು ಕೂತ ಮೇಲೆ ಶುರುಮಾಡಿದರು.

ಒಬ್ಬ ರೇಡಿಯೋ ರಿಪೇರಿಯವನಿದ್ದ. ಅವನ ಹೆಂಡತಿ ಚರ್ಚಿನಲ್ಲಿ ಹಾಡುವವಳು. ಅಲ್ಲಿಯ ಎಲೆಕ್ಟ್ರಾನಿಕ್ ಆರ್ಗನ್ ಹಳೆಯದಾಗಿ, ಕೆಟ್ಟು ಮೂಲೆ ಸೇರಿತು. ಹೊಸ ವಾದ್ಯ ಬಂತು, ಅದರ ಜೊತೆಗೆ ಹೊಸ ಹುಡುಗಿಯರು ಬಂದರು, ಈಕೆಯ ಹಾಡು ನಿಂತಿತು. ಊಟ ಸೇರದಷ್ಟು ಸಂಕಟ ಅವಳಿಗೆ. “ಆ ಆರ್ಗನ್ನನ್ನು ಮನೆಗೆ ತಂದು ಸರಿಮಾಡುತ್ತೇನೆ, ನೀನು ಹಾಡುವೆಯಂತೆ,” ಎಂದು ಗಂಡ ಮಾತು ಕೊಟ್ಟ. ತಂದ. ಕೀಗಳ ಕೆಳಗಿನ ತುಕ್ಕು ಉಜ್ಜಿದ, ಇಲಿ ಕಡಿದ ತಂತಿ ಬದಲಿಸಿದ. ಸ್ವರ ಹುಟ್ಟಿಸುವ ಭಾಗ ಮಾತ್ರ ಸುಟ್ಟು ಕರಕಲಾಗಿತ್ತು. ಹಾಗಾಗಿ ಕೀಗಳನ್ನು ಕಂಪ್ಯೂಟರಿಗೆ ಜೋಡಿಸಿದ. ಅದರೊಳಗೊಂದು ಸಾಫ್ಟ್‌ವೇರ್. ಯಾವುದೋ ದೇಶದ ದೊಡ್ಡ ಚರ್ಚಿನಲ್ಲಿ ಗಾಳಿಯೂದಿ ನುಡಿಯುವ ಆರ್ಗನ್ನಿನ ಒಂದೊಂದು ಕೊಳವೆಯ ದನಿಯೂ, ಅಲ್ಲಿನ ಗೋಡೆಗಳ ಮಾರ್ದನಿಯೂ ಅದರಲ್ಲಿ ರೆಕಾರ್ಡಾಗಿದ್ದವು. ಇಲ್ಲಿ ಕೀ ಒತ್ತಿದರೆ ಅಲ್ಲಿಯ ನಾದ.

ಸ್ಪೀಕರಿನಲ್ಲಿ ಕೇಳಿದ, ಸಮಾಧಾನವಾಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡ. ಕಿವಿಯೊಳಗೆ ಇಡೀ ಚರ್ಚೇ ಎದ್ದು ನಿಂತಿತು ಕಣಯ್ಯ. ಅಂದಿನಿಂದ ಅವನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅಂಗಡಿಯಲ್ಲಿದ್ದರೂ ಜೀವವೆಲ್ಲ ಮನೆಯಲ್ಲಿ. ಇವತ್ತು ಒಂದು ದನಿ ಏರಿಸುವುದು, ನಾಳೆ ಮಾರ್ದನಿ ಇಳಿಸುವುದು, ಮತ್ತೆ ಮೊದಲಿನಂತೆ ಮಾಡುವುದು. ಹೆಂಡತಿ ದಿನವೂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಒಮ್ಮೆ ಅವನು ಬಾರಿಸಿ ಮುಗಿಸಿ, ಹೆಡ್‌ಫೋನ್ ತೆಗೆದು, ಕಣ್ಣೊರೆಸಿಕೊಂಡು ಕೇಳಿದ: “ಹೇಗಿತ್ತು?”

“ಬರೀ ಕೀ ಟಕಟಕ ಅಂತಿತ್ತು. ಎಲ್ಲಿ ಹಾಡು ಎತ್ತಬೇಕೋ ತಿಳಿಯದೆ ನಿಂತೇ ಇದ್ದೆ. ಅನ್ನ ತಳ ಹತ್ತಿತು,” ಎಂದಳು.

ಗಂಡನಿಗೆ ನಗು ಬಂತು. ಇದನ್ನು ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ ಕಣಯ್ಯ. “ನಿನಗೆಲ್ಲಿ ತಿಳಿಯಬೇಕು,” ಎಂದು ಅವಳಿಗೇ ಅಂದು, ಅವನು ಮತ್ತೆ ಹೆಡ್‌ಫೋನ್ ಏರಿಸಿದ. ಆಮೇಲೆ ಆಕೆ ಬಾಗಿಲಿಗೆ ಬರಲಿಲ್ಲ. ಬರದೇ ಇದ್ದದ್ದು ಅವನಿಗೆ ಗೊತ್ತೂ ಆಗಲಿಲ್ಲ.

ಮೃತ್ಯುಂಜಯನಿಗೆ ತಡೆಯಲಾಗಲಿಲ್ಲ. “ಎಂಥ ಮಂಕು ಮನುಷ್ಯ. ಆಕೆಗೋಸ್ಕರ ಸ್ಪೀಕರ್ ಹಾಕಬಹುದಿತ್ತಲ್ಲ?”

“ಹಾಕಬಹುದಿತ್ತು. ಆದರೆ ಅಷ್ಟು ದೊಡ್ಡ ಚರ್ಚು ಆಗ ಅವನ ಮನೆಯಷ್ಟೇ ಚಿಕ್ಕದಾಗಿಬಿಡುತ್ತಿತ್ತು.”

ಮೃತ್ಯುಂಜಯ ತಲೆದೂಗಿದ. ಬಸ್ಸಿನ ನೆನಪಾಗಿ ಎದ್ದ. ಗುರುಗಳು ಅವನ ಮುಖ ನೋಡಿ ಹೇಳಿದರು:

“ನೀನು ಧ್ಯಾನಕ್ಕೆ ಕೂತಾಗ ನಿನ್ನ ಹೆಂಡತಿಗೆ ಕೇಳಿಸುವುದು ಕೋಣೆಯ ಚಿಲಕ ಹಾಕಿದ ಸದ್ದೊಂದೇ.”