ಚಾವಣಿಯ ಸೂತ್ರ

"ಗುರುಗಳೇ, ನನ್ನಲ್ಲಿರುವುದು ಸಿಟ್ಟೊಂದೇ ದೋಷ. ಮಿಕ್ಕದ್ದನ್ನೆಲ್ಲ ಹಾಗೆಯೇ ಉಳಿಸಿಕೊಂಡು ಅದೊಂದನ್ನು ಮಾತ್ರ ತಿದ್ದಿಕೊಳ್ಳಲು ಬರುವುದಿಲ್ಲವೇ?" ಎಂದು ಶಿಷ್ಯ ಪದ್ಮರಸ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಗಣಿತಜ್ಞನಿದ್ದ. ವರ್ತಕರು ಅವನಿಂದ ಸಂತೆಗೊಂದು ಮಂಟಪ ಕಟ್ಟಿಸಿದರು. ಅದರ ಚಾವಣಿಗಾಗಿ ಅವನು ಒಂದು ಸೂತ್ರ ರಚಿಸಿದ. ನೆಲದ ಮೇಲೆ ಚೌಕಗಳನ್ನು ಎಳೆದು, ಗೆರೆಗಳು ಕೂಡುವ ಒಂದೊಂದು ಜಾಗಕ್ಕೂ ಎಷ್ಟು ಎತ್ತರವೆಂದು ಆ ಸೂತ್ರದಿಂದಲೇ ಲೆಕ್ಕ ಹಾಕಿದ. ಅಷ್ಟಷ್ಟು ಎತ್ತರದ ಬಿದಿರು ನೆಟ್ಟು, ಮೇಲೆ ತಟ್ಟಿ ಹಾಸಿ, ತೆಳುವಾದ ಇಟ್ಟಿಗೆ ಮತ್ತು ಗಾರೆಯಿಂದ ಮುಚ್ಚಿಸಿದ. ಗಾರೆ ಬಿಗಿದ ಮೇಲೆ ಬಿದಿರು ತೆಗೆಸಿದ. ಚಾವಣಿ ನೀರಿನಂತೆ ಏರಿ ಇಳಿದು ನಿಂತಿತು. ನಡುವೆ ಒಂದು ದೊಡ್ಡ ಅಲೆ. ಅದೆಂದರೆ ಅವನಿಗೆ ಪ್ರಾಣ.

ಆದರೆ ಬಾಗಿಲ ಬಳಿ ಚಾವಣಿ ತಗ್ಗಾಗಿತ್ತು. ತಲೆಹೊರೆಯವರು ಬಗ್ಗಿ ನುಸುಳಬೇಕಿತ್ತು. ಒಂದು ಸಂತೆಯಲ್ಲಿ ಮಡಕೆ ಮಾರುವ ಹೆಂಗಸಿನ ಬುಟ್ಟಿ ಅಲ್ಲಿ ತಾಗಿತು. ಅವಳು ಬಿದ್ದು ಕೈ ಮುರಿದುಕೊಂಡಳು.

ಸೂತ್ರದಲ್ಲಿ ಒಂದು ಸಂಖ್ಯೆ ಬದಲಿಸಿದರೆ ಆ ಜಾಗ ಎತ್ತರವಾಗುತ್ತಿತ್ತು. ಆದರೆ ಸೂತ್ರ ಬದಲಾದರೆ ಚಾವಣಿಯೆಲ್ಲ ಬದಲಾಗುತ್ತದೆ. ದೊಡ್ಡ ಅಲೆ ಉಳಿಯುವುದಿಲ್ಲ. ಅವನಿಗೆ ಮನಸ್ಸು ಬರಲಿಲ್ಲ. ಬಾಗಿಲ ಮೇಲಿನಷ್ಟನ್ನು ಮಾತ್ರ ಒಡೆಸಿ, ಎತ್ತರಿಸಿ, ತೇಪೆ ಹಾಕಿಸಿದ. ಮಳೆಗಾಲ ಬಂತು. ತೇಪೆಯ ಅಂಚಿನಲ್ಲಿ ನೀರು ನಿಂತು ಗಾರೆ ಬಿರಿಯಿತು. ಆ ಭಾಗವೆಲ್ಲ ಕುಸಿದು ಬಿತ್ತು. ಸಂತೆಯ ದಿನವಲ್ಲದ್ದರಿಂದ ಯಾರೂ ಸಾಯಲಿಲ್ಲ.

ಸಾಯಬಹುದಿತ್ತು ಎಂಬುದು ಅವನನ್ನು ಕೂರಲು ಬಿಡಲಿಲ್ಲ. ಆ ಹೆಂಗಸಿನ ಮನೆಗೆ ಹೋದ. ತಪ್ಪಾಯಿತೆಂದು ಹೇಳಿದ. ಆದರೂ ಆಸೆ ಬಿಡದೆ ಕೇಳಿದ:

"ತಾಯಿ, ನಡುವಿನ ಆ ಅಲೆಯನ್ನು ನೀವು ನೋಡಿದ್ದೀರಲ್ಲ?"

"ಇಲ್ಲ ಸ್ವಾಮಿ. ತಲೆ ಮೇಲೆ ಹೊರೆ ಇದ್ದವರು ಮೇಲೆ ಹೇಗೆ ನೋಡೋದು?"

ಅವನು ಹಿಂದಿರುಗಿ ಬಂದು ಉಳಿದ ಚಾವಣಿಯನ್ನೂ ಇಳಿಸಿದ. ಒಡೆಯುವಾಗ ಅತ್ತ. ಸಂಖ್ಯೆ ಬದಲಿಸಿ ಮೊದಲಿನಿಂದ ಎತ್ತರಗಳನ್ನು ಲೆಕ್ಕ ಹಾಕಿದ. ಹೊಸ ಚಾವಣಿಯಲ್ಲಿ ದೊಡ್ಡ ಅಲೆ ಇರಲಿಲ್ಲ. ಮಳೆನೀರು ನಿಲ್ಲದೆ ಹರಿದುಹೋಯಿತು. ಹೊರೆಯವರು ನೆಟ್ಟಗೆ ನಡೆದು ಒಳಗೆ ಬಂದರು.

ಕತೆ ಮುಗಿಯಿತು. ಪದ್ಮರಸನಿಗೆ ತಡೆಯಲಾಗಲಿಲ್ಲ. "ಅಷ್ಟು ಚೆಂದದ ಅಲೆ ಹೋಯಿತಲ್ಲ, ಗುರುಗಳೇ!" ಎಂದ.

"ಹೋಯಿತು. ಸಿಟ್ಟಿನ ಜೊತೆಗೆ ಏನು ಹೋದೀತೆಂದು ನಿನಗೆ ಹೆದರಿಕೆ?" ಎಂದರು ಗುರುಗಳು.