ನಿದ್ದೆಯ ಗಡಿಗೆ ತರಲು ಹೋದ ಗೆಳತಿಯರು

ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದಷ್ಟು ಹಿಂದೆ, ಒಂದಾನೊಂದು ಊರಲ್ಲಿ ಯಾರಿಗೂ ನಿದ್ದೆ ಅನ್ನೋದೇ ಇರಲಿಲ್ಲವಂತೆ. ಮೊದಲು ಇತ್ತಂತೆ, ಆಮೇಲೆ ಬೆಟ್ಟದ ರಕ್ಕಸಿಯೊಬ್ಬಳು ಬಂದು ಮನೆಮನೆ ಹೊಸಲಿಂದ ನಿದ್ದೇನ ಕಸ ಗುಡಿಸಿದ ಹಾಗೆ ಗುಡಿಸಿ, ಗಡಿಗೇಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಹೊತ್ಕೊಂಡು ಹೋದಳಂತೆ. ಮೂರು ವರ್ಷ ಊರಿಗೆ ಊರೇ ಕಣ್ಣು ಬಿಟ್ಕೊಂಡು ಕೂತಿತ್ತಂತೆ. ತಾಯಂದಿರಿಗೆ ಮಕ್ಕಳ ಹೆಸರು ಮರೆತುಹೋಗ್ತಿತ್ತಂತೆ, ಎತ್ತುಗಳು ನೊಗ ಹೊತ್ತು ಸುಮ್ಮನೆ ನಿಂತುಬಿಡ್ತಿದ್ದವಂತೆ, ಜಗಳ ಆಡೋರೂ ಅರ್ಧಕ್ಕೇ ಸಾಕಾಗಿ ಕೂತ್ಕೊಳ್ತಿದ್ದರಂತೆ.

ಆ ಊರಲ್ಲಿ ಕಂಬಳಿ ನೇಯೋ ಬೀರವ್ವ, ಕುಂಬಾರರ ಚೌಡಕ್ಕ ಅಂತ ಇಬ್ಬರು ಗೆಳತಿಯರು. ಒಂದೇ ವರ್ಷ ಹುಟ್ಟಿದೋರು, ಒಂದು ದಿನ ಮುಖ ನೋಡದೆ ಇದ್ದೋರಲ್ಲ. ಹೇಗೂ ಮಲಗೋಕಾಗಲ್ಲ, ಸುಮ್ಮನೆ ಕೂರೋ ಬದಲು ನಡೆಯೋಣ ಬಾರೆ, ಹೋಗಿ ತರೋಣ ಅಂದಳಂತೆ ಬೀರವ್ವ. ಚೌಡಕ್ಕ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳಂತೆ.

ಮೊದಲು ಮುಳ್ಳಿನ ಕಾಡು ಬಂತಂತೆ. ಬೀರವ್ವನ ಕಾಲಿಗೆ ಗೇಣುದ್ದ ಮುಳ್ಳು ಹೊಕ್ಕಿತಂತೆ, ಚೌಡಕ್ಕ ಅವಳನ್ನ ಬೆನ್ನ ಮೇಲೆ ಹೊತ್ತು ದಾಟಿಸಿದಳಂತೆ. ಆಮೇಲೆ ಹೊಳೆ ಬಂತಂತೆ. ಬೀರವ್ವ ಕುಂಟಿಕೊಂಡೇ ಮೊದಲು ದಾಟಿ ಆಚೆ ದಡ ಹತ್ತಿದಳಂತೆ, ಹಿಂದೆ ಬರ್ತಿದ್ದ ಚೌಡಕ್ಕ ನಡುನೀರಲ್ಲಿ ಸುಳಿಗೆ ಸಿಕ್ಕಿದಳಂತೆ. ಇಬ್ಬರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡಿದ್ದರಂತೆ, ಬೀರವ್ವ ದಡದಲ್ಲಿ ಅದನ್ನ ಹಿಡಿದು ನಿಂತಳಂತೆ, ಅಂಗೈ ಚರ್ಮ ಕಿತ್ತು ಬಂದರೂ ಬಿಡಲಿಲ್ಲವಂತೆ. ಆಮೇಲೆ ಮೂರನೇದು, ರಕ್ಕಸಿಯ ಗವಿ.

ಗವಿಗೆ ಬಾಗಿಲು ಅಂದ್ರೆ ಒಂದು ಬಂಡೆ. ಹೊರಗೆ ಒಬ್ಬರು ಹೆಗಲು ಕೊಟ್ಟು ಎತ್ತಿ ಹಿಡಿದರೆ ಇನ್ನೊಬ್ಬರು ನುಸುಳಬಹುದು, ಅಷ್ಟೇ ಸಂದು. ಚೌಡಕ್ಕ ಗಟ್ಟಿಮುಟ್ಟಾದೋಳು, ಹೆಗಲು ಕೊಟ್ಟಳಂತೆ. ಬೀರವ್ವ ಒಳಗೆ ತೆವಳಿ ಗಡಿಗೆ ಹುಡುಕಿದಳಂತೆ. ಕರು ಹಾಕಿದ ಹಸುವಿನ ಮೈ ಥರ ಬೆಚ್ಚಗಿತ್ತಂತೆ ಅದು. ಮೊದಲು ಇದನ್ನ ತಗೋ, ಆಮೇಲೆ ನಾನು ಬರ್ತೀನಿ ಅಂತ ಸಂದಿನಲ್ಲಿ ದಾಟಿಸಿದಳಂತೆ. ಅಷ್ಟರಲ್ಲಿ ಕೆಳಗೆ ಇಳಿಜಾರಲ್ಲಿ ನೆಲ ಅದುರಿತಂತೆ, ರಕ್ಕಸಿ ಮನೆಗೆ ಬರ್ತಿದ್ದಳಂತೆ. ಚೌಡಕ್ಕ ಒಂದು ಸಲ ಬೀರವ್ವನ ಮುಖ ನೋಡಿದಳಂತೆ, ಹೆಗಲು ತೆಗೆದಳಂತೆ. ಬಂಡೆ ಕೂತುಬಿಡ್ತಂತೆ.

ರಕ್ಕಸಿ ಒಳಗೆ ಬಂದು ನೋಡ್ತಾಳೆ, ಗಡಿಗೆ ಇಲ್ಲ, ಮೂಲೇಲಿ ಒಂದು ಹೆಣ್ಣು. ಬಂಡೆ ಬಿಟ್ಟೋರು ಯಾರು ಅಂತ ಕೇಳಿದಳಂತೆ. ನನ್ನ ಗೆಳತಿ, ಹೆಗಲು ಜಾರಿರಬೇಕು ಅಂದಳಂತೆ ಬೀರವ್ವ. ಮಾರನೇ ದಿನ ಅದೇ ಮಾತು ಕೇಳಿದಳಂತೆ. ಜನ ಕರ್ಕೊಂಡು ಬರೋಕೆ ಹೋಗಿರಬೇಕು ಅಂದಳಂತೆ. ಮೂರನೇ ದಿನ ಕೇಳಿದಾಗ ಬೀರವ್ವ ಗೋಡೆ ಕಡೆ ತಿರುಗಿ ಕೂತಳಂತೆ.

ನಿನ್ನ ತಿನ್ನೋಕೂ ನನಗೆ ಬೇಜಾರು ಅಂದು ರಕ್ಕಸಿ ಮಗ್ಗುಲಲ್ಲೇ ಕುಕ್ಕರಿಸಿದಳಂತೆ. ಗಡಿಗೆ ಹೋದ ಮೇಲೆ ಅವಳಿಗೂ ನಿದ್ದೆ ಇಲ್ಲ. ಅವಳ ತಲೆ ನೋಡಿದರೆ ಹುಟ್ಟಿದಾಗಿಂದ ಯಾರೂ ಬಾಚಿದ ಹಾಗಿಲ್ಲ. ಬೀರವ್ವನ ಸೊಂಟದಲ್ಲಿ ಉಣ್ಣೆ ಹಿಂಜೋ ಹಣಿಗೆ ಇತ್ತಂತೆ. ಸುಮ್ಮನಿದ್ದರೆ ಚೌಡಕ್ಕನ ಮುಖವೇ ಕಣ್ಣಿಗೆ ಬರುತ್ತೆ, ಕೈಗಾದರೂ ಕೆಲಸ ಇರಲಿ ಅಂತ ಸಿಕ್ಕು ಬಿಡಿಸೋಕೆ ಕೂತಳಂತೆ. ಆರು ತಿಂಗಳು ಬಿಡಿಸಿದಳಂತೆ. ಕೊನೇ ಸಿಕ್ಕು ಬಿಟ್ಟ ದಿನ ರಕ್ಕಸಿ ಅವಳ ತೊಡೆ ಮೇಲೆ ತಲೆ ಇಟ್ಟು, ಯಾರ ನಿದ್ದೇನೂ ಕದೀದೆ, ತಾನಾಗೇ ಮಲಗಿದಳಂತೆ. ಎದ್ದವಳು ಒಂದೇ ಬೆರಳಲ್ಲಿ ಬಂಡೆ ಎತ್ತಿ, ಹೋಗು ತಾಯಿ ಅಂದಳಂತೆ.

ಬೀರವ್ವ ನಡೆದೂ ನಡೆದೂ ಊರಿನ ಎಲ್ಲೆ ಮುಟ್ಟಿದಳಂತೆ. ಅಲ್ಲೊಂದು ಹೊಸ ಕಲ್ಲು, ಕುಂಕುಮ ಹಚ್ಚಿತ್ತಂತೆ, ಅದಕ್ಕೇ ಒರಗಿ ಕೂತಳಂತೆ. ಕುರಿ ಹೊಡ್ಕೊಂಡು ಬಂದ ಮುದುಕ ಗುರುತು ಹಿಡೀಲಿಲ್ಲ. ಅದು ಬೀರವ್ವನ ಕಲ್ಲು ಕಣಮ್ಮ, ಪಾಪ ಹೊಳೇಲಿ ಕೊಚ್ಚಿಹೋದಳು, ಚೌಡಕ್ಕ ಒಬ್ಬಳೇ ಹೋಗಿ ನಿದ್ದೆ ತಂದಳು ಅಂದನಂತೆ.

ಬೀರವ್ವ ಏಳಲಿಲ್ಲವಂತೆ. ಸ್ವಲ್ಪ ಹೊತ್ತಿಗೆ ಚೌಡಕ್ಕನೇ ಹೂವಿನ ಬುಟ್ಟಿ ಹಿಡಿದು ಬಂದಳಂತೆ, ದಿನಾ ಬರ್ತಿದ್ದಳಂತೆ. ನೋಡಿದಳು, ಬುಟ್ಟಿ ಮೆಲ್ಲಗೆ ಕೆಳಗಿಟ್ಟಳು.

ಬಂದ್ಯಾ ಅಂದಳಂತೆ.

ಬಂದೆ ಅಂದಳಂತೆ ಬೀರವ್ವ.

ನನಗೆ ಭಯ ಆಯ್ತು ಕಣೆ ಅಂದಳಂತೆ ಚೌಡಕ್ಕ.

ಬಂಡೆ ಬಿಟ್ಟಿದ್ದು ಭಯಕ್ಕೆ, ಅದು ನನಗೆ ಗೊತ್ತಾಗುತ್ತೆ. ನಾನು ಹೊಳೇಲಿ ಕೊಚ್ಚಿಹೋದೆ ಅಂತ ಊರಿಗೆ ಹೇಳಿದೆಯಲ್ಲ, ಅದು ಯಾತಕ್ಕೆ? ಯಾರಾದ್ರೂ ಬರ್ತಾರೆ ಅಂತ ಕಾಯ್ತಿದ್ದೆ ನಾನು. ಸತ್ತೋಳನ್ನ ಯಾರು ಹುಡುಕ್ತಾರೆ ಹೇಳು.

ಚೌಡಕ್ಕ ಹೂವಿನ ಬುಟ್ಟಿ ಅಲ್ಲೇ ಬಿಟ್ಟಳಂತೆ. ನೆಟ್ಟಗೆ ಚಾವಡಿಗೆ ಹೋಗಿ, ಎಲ್ಲರ ಮುಂದೆ, ಇದ್ದದ್ದು ಇದ್ದ ಹಾಗೆ ಹೇಳಿದಳಂತೆ. ಊರವರು ಇವಳನ್ನ ಓಡಿಸಬೇಕು ಅಂತ ಎದ್ದು ನಿಂತರಂತೆ. ಅದೆಲ್ಲ ಆಮೇಲೆ ನೋಡೋಣ, ನಾನು ಮಲಗಬೇಕು ಅಂದಳಂತೆ ಬೀರವ್ವ. ಮನೆಗೆ ಹೋಗಿ ಕಂಬಳಿ ಹಾಸ್ಕೊಂಡು ಮೂರು ದಿನ ಮಲಗಿದಳಂತೆ. ಕೋಳಿ ಕೂಗಿ ಅವಳಿಗೆ ಎಚ್ಚರ ಆಗಬಾರದು ಅಂತ ಚೌಡಕ್ಕ ಮೂರು ದಿನವೂ ಜಗಲಿ ಮೇಲೆ ಕೂತು ಕೋಳಿ ಓಡಿಸ್ತಿದ್ದಳಂತೆ. ಬೀರವ್ವ ಎದ್ದು ಬಂದು ನೋಡಿ, ಉಂಡ್ಯಾ ಅಂತ ಕೇಳಿದಳಂತೆ. ಆಮೇಲೆ ಓಡಿಸೋ ಮಾತು ಯಾರೂ ಎತ್ತಲಿಲ್ಲವಂತೆ.

ಮತ್ತೆ ಮೊದಲಿನ ಹಾಗೆ ಆದ್ರಾ ಅಂತೀಯಾ? ಎಲ್ಲಿ ಆಗುತ್ತೆ ಪುಟ್ಟಿ. ಮೊದಲನೇ ವರ್ಷ ಒಂದು ಬಟ್ಟಲು ಗಂಜಿ ಕೊಡೋದು, ಇಸ್ಕೊಳ್ಳೋದು, ಅಷ್ಟೇ ಅಂತೆ. ಎರಡನೇ ವರ್ಷ ನಾಲ್ಕು ಮಾತು ಬಂತಂತೆ. ಮೂರನೇ ವರ್ಷ ಒಂದು ದಿನ ಚೌಡಕ್ಕ ಏನೋ ಹೇಳಿದ್ದಕ್ಕೆ ಬೀರವ್ವನಿಗೆ ನಗು ಬಂದುಬಿಡ್ತಂತೆ. ಚೌಡಕ್ಕ ಮುಖ ಆ ಕಡೆ ತಿರುಗಿಸಿ, ಸೆರಗಲ್ಲಿ ಕಣ್ಣು ಒರೆಸಿಕೊಂಡಳಂತೆ. ಅವರು ಅಲ್ಲಿ ಚೆನ್ನಾಗಿದ್ದರು, ನಾವು ಇಲ್ಲಿ ಚೆನ್ನಾಗಿದ್ದೀವಿ. ಕತೆಗೂ ಸಾಕಾಯ್ತು, ನನ್ನ ಬಾಯಿಗೂ ಸಾಕಾಯ್ತು, ಆ ಕಡೆ ತಿರುಗಿ ಮಲಕ್ಕೋ.